ಮಾತ್ರೆಯ ಡಬ್ಬಿಗೆ ಹತ್ತಿ ತುರುಕುವ ಮುನ್ನ

ಹುಟ್ಟಿನಿಂದಲೇ ಎಚ್‌ಐವಿ ಜೊತೆ ಬದುಕುತ್ತಿರುವ ಮಕ್ಕಳ ಬಗ್ಗೆ ಮನೆಯವರು ಹೇಳುವ ದೂರು ಬಹುಮಟ್ಟಿಗೆ ಒಂದೇ ಬಗೆಯದು. ಹತ್ತು ವರ್ಷದವರೆಗೆ ಹೇಳಿದ ಹೊತ್ತಿಗೆ ಮಾತ್ರೆ ನುಂಗುತ್ತಿದ್ದ ಮಗು ಹದಿಮೂರರ ಹೊತ್ತಿಗೆ ಹಟಕ್ಕೆ ಬೀಳುತ್ತದೆ. ನುಂಗಿದ ಹಾಗೆ ಮಾಡಿ ಹಿತ್ತಿಲಿಗೆ ಹೋಗಿ ಉಗಿಯುತ್ತದೆ. ಮಾತಾಡಿಸಿದರೆ ಸಿಡುಕು, ಮಾತಾಡಿಸದಿದ್ದರೆ ಮೂಲೆ. ಓದಿನಲ್ಲಿ ಚುರುಕಾಗಿದ್ದವಳು ಹಿಂದೆ ಬೀಳುತ್ತಾಳೆ. ಒಂದು ದಿನ ಅಡಿಕೆ ಮರದ ಬುಡದಲ್ಲಿ ಮಾತ್ರೆಗಳು ಸಿಕ್ಕಿ ಮನೆಯಲ್ಲಿ ರಂಪವಾಗುತ್ತದೆ. "ನಿನ್ನ ಒಳ್ಳೇದಕ್ಕೇ ಅಲ್ವಾ ನಾವು ಬಡ್ಕೊಳ್ಳೋದು" ಎಂದು ಅಮ್ಮ ಅಳುತ್ತಾಳೆ. ಆ ಮಾತು ನಿಜ. ಮಗುವಿಗೂ ಅದು ಗೊತ್ತು. ಆದರೂ ಮರುದಿನ ಮಾತ್ರೆ ಮತ್ತೆ ಹಿತ್ತಿಲು ಸೇರುತ್ತದೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಇಂಥ ಮನೆಗಳಲ್ಲಿ ಪೋಷಕರೆಂದರೆ ಅಪ್ಪ–ಅಮ್ಮನೇ ಆಗಿರಬೇಕೆಂದಿಲ್ಲ. ಎಷ್ಟೋ ಕಡೆ ಅಜ್ಜಿ, ದೊಡ್ಡಮ್ಮ, ಸೋದರಮಾವ ಆ ಹೊಣೆ ಹೊತ್ತಿದ್ದಾರೆ. ಈ ಬರಹ ಅವರೆಲ್ಲರಿಗಾಗಿ. ಮಗುವಿನ ಹಟವನ್ನು ಅವಿಧೇಯತೆ ಎಂದು ನೋಡುವುದನ್ನು ಸ್ವಲ್ಪ ಹೊತ್ತು ಬದಿಗಿಡೋಣ. ಮಾತ್ರೆ ಉಗಿಯುವ ಮಗು ಬಹಳ ಸಲ ಒಂದು ಪ್ರಶ್ನೆ ಕೇಳುತ್ತಿರುತ್ತದೆ. ಮನೆಯಲ್ಲಿ ಯಾರೂ ಉತ್ತರಿಸದ ಕಾರಣ ಆ ಪ್ರಶ್ನೆ ಬಾಯಿಂದ ಬರುವ ಬದಲು ನಡವಳಿಕೆಯಲ್ಲಿ ಬರುತ್ತದೆ.

ಮೊದಲು ಮೈಯ ವಿಚಾರ. ಎಚ್‌ಐವಿ ದೇಹದ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ವೈರಾಣು. ಎಆರ್‌ಟಿ ಎಂದು ನಾವು ಕರೆಯುವ ಮಾತ್ರೆಗಳು ಅದು ಹೆಚ್ಚದಂತೆ ತಡೆಯುತ್ತವೆ, ಪೂರ್ತಿ ಹೊರಹಾಕುವುದಿಲ್ಲ. ಆದ್ದರಿಂದಲೇ ದಿನವೂ, ಬದುಕಿಡೀ ಮಾತ್ರೆ ಬೇಕು. ಚಿಕಿತ್ಸೆ ತಡವಾಗಿ ಶುರುವಾದ ಮಕ್ಕಳಲ್ಲಿ ಎತ್ತರ, ತೂಕ ಕಡಿಮೆ ಇರಬಹುದು, ಪ್ರಾಯಕ್ಕೆ ಬರುವುದು ಒಂದೆರಡು ವರ್ಷ ಹಿಂದೆ ಬೀಳಬಹುದು. ಗೆಳೆಯರಿಗೆಲ್ಲ ಮೀಸೆ ಚಿಗುರುವಾಗ ತಾನು ಮಾತ್ರ ಐದನೇ ಕ್ಲಾಸಿನವನಂತೆ ಕಾಣುವುದು ಹದಿನಾಲ್ಕರ ಹುಡುಗನಿಗೆ ಸಣ್ಣ ಸಂಗತಿ ಅಲ್ಲ. ವೈರಾಣು ಮಿದುಳಿನ ಮೇಲೂ ಪರಿಣಾಮ ಬೀರುವುದುಂಟು. ಹಾಗಾದಾಗ ಗಮನ ನಿಲ್ಲುವುದಿಲ್ಲ, ಲೆಕ್ಕ ನಿಧಾನವಾಗುತ್ತದೆ. ಅದನ್ನು ಸೋಮಾರಿತನ ಎಂದು ಬೈದರೆ ಮಗು ಇನ್ನಷ್ಟು ಕುಗ್ಗುತ್ತದೆ. ಔಷಧದ್ದೂ ಒಂದು ಪಾಲಿದೆ. ಹಿಂದೆ ಹೆಚ್ಚು ಬಳಕೆಯಲ್ಲಿದ್ದ ಎಫಾವಿರೆನ್ಜ್ ಕೆಲವರಿಗೆ ಭಯಂಕರ ಕನಸು, ತಲೆಸುತ್ತು, ಬೇಸರ ತರುತ್ತಿತ್ತು. ಈಗ ಕೊಡುವ ಡೊಲುಟೆಗ್ರಾವಿರ್ ಎಷ್ಟೋ ಮೇಲು, ಆದರೆ ಕೆಲವರ ನಿದ್ದೆ ಕೆಡಿಸುತ್ತದೆ. ಮಗು ರಾತ್ರಿ ಹೊರಳಾಡುತ್ತಿದ್ದರೆ ವೈದ್ಯರಿಗೆ ಹೇಳಿ. ಮಾತ್ರೆಯ ಹೊತ್ತನ್ನು ಬೆಳಿಗ್ಗೆಗೆ ಬದಲಿಸುವುದರಿಂದಲೇ ಸರಿಹೋಗಬಹುದು. ಆ ಬದಲಾವಣೆಯನ್ನು ನೀವಾಗಿಯೇ ಮಾಡಬೇಡಿ.

ಇವೆಲ್ಲ ಕಾರಣಗಳೇ. ಆದರೆ ಹೆಚ್ಚಿನ ಮನೆಗಳಲ್ಲಿ ಬೇರು ಇನ್ನೂ ಆಳದಲ್ಲಿದೆ, ಮನೆಯೊಳಗಿನ ಮೌನದಲ್ಲಿ.

ಆ ಮೌನ ಎಲ್ಲಿಂದ ಬಂತು ಎಂಬುದನ್ನು ನ್ಯಾಯವಾಗಿ ನೋಡಬೇಕು. ಸರ್ಕಾರ ಉಚಿತವಾಗಿ ಎಆರ್‌ಟಿ ಕೊಡತೊಡಗಿದ್ದು 2004ರ ಏಪ್ರಿಲ್ 1ರಿಂದ, ಮಕ್ಕಳಿಗೆಂದೇ ಯೋಜನೆ ಬಂದದ್ದು 2006ರ ಕೊನೆಗೆ. ಅದಕ್ಕೂ ಮುಂಚೆ ಈ ಕಾಯಿಲೆಯ ಹೆಸರೆಂದರೆ ಸಾವಿನ ಸುದ್ದಿಯೇ ಆಗಿತ್ತು. 2003ರಲ್ಲಿ ಕೇರಳದ ಕೊಲ್ಲಂ ಜಿಲ್ಲೆಯಲ್ಲಿ ಎಚ್‌ಐವಿ ಇದ್ದ ಇಬ್ಬರು ಒಡಹುಟ್ಟಿದ ಮಕ್ಕಳು ಶಾಲೆಗೆ ಬರುವುದನ್ನು ಊರವರು ವಿರೋಧಿಸಿದಾಗ ಆಗಿನ ಕೇಂದ್ರ ಆರೋಗ್ಯ ಸಚಿವೆ ಸುಷ್ಮಾ ಸ್ವರಾಜ್ ಆ ಮಕ್ಕಳನ್ನು ಎಲ್ಲರೆದುರು ಅಪ್ಪಿಕೊಂಡು ತೋರಿಸಬೇಕಾಯಿತು. ಅಂಥ ಕಾಲದಲ್ಲಿ ಗಂಡನನ್ನು ಕಳೆದುಕೊಂಡ ತಾಯಿ ಬಾಯಿ ಮುಚ್ಚಿಕೊಂಡದ್ದು ಮಗುವಿನ ಜೀವ ಉಳಿಸಲಿಕ್ಕೆ. ಆ ಮೌನವನ್ನು ಯಾರೂ ತಪ್ಪೆನ್ನಲಾರರು. ಆದರೆ ಆಗ ಬದುಕುವುದೇ ಅನುಮಾನ ಎನಿಸಿದ್ದ ಮಕ್ಕಳು ಮಾತ್ರೆಯ ಬಲದಿಂದ ಇಪ್ಪತ್ತು ದಾಟಿ ಕಾಲೇಜು ಓದಿದ್ದಾರೆ, ದುಡಿಯುತ್ತಿದ್ದಾರೆ, ಮದುವೆಯಾಗಿದ್ದಾರೆ. ಚಿಕಿತ್ಸೆ ಬದಲಾಯಿತು, ಮೌನ ಹಾಗೆಯೇ ಉಳಿಯಿತು.

ಈ ಮೂರು ತಾಲ್ಲೂಕಿನ ಜನಕ್ಕೆ ಕಾಯಿಲೆಯ ಬಗ್ಗೆ ಬಾಯಿಬಿಟ್ಟು ಮಾತಾಡುವುದು ಗೊತ್ತಿಲ್ಲವೇ ಎಂದರೆ ಚೆನ್ನಾಗಿಯೇ ಗೊತ್ತಿದೆ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆಯ ಬಗ್ಗೆ ಇಲ್ಲಿ ಪ್ರತಿ ಬೇಸಿಗೆ ಬಸ್ಸಿನಲ್ಲೇ ಮಾತು ನಡೆಯುತ್ತದೆ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಸಾವುಗಳಾದಾಗ ಯಾರ ಮನೆಯಲ್ಲಿ ಜ್ವರ, ಯಾರನ್ನು ಮಣಿಪಾಲಕ್ಕೆ ಕರೆದೊಯ್ದರು ಎಂದು ಇಡೀ ಸೀಮೆಗೆ ಗೊತ್ತಿತ್ತು. ಅಲ್ಲಿ ಬೈಗುಳವೆಲ್ಲ ಉಣುಗಿಗೆ. ರೋಗಿಯ ನಡತೆಯನ್ನು ಯಾರೂ ಕೆದಕಲಿಲ್ಲ. ಎಚ್‌ಐವಿ ಎಂದ ಕೂಡಲೇ ಮೊದಲ ಪ್ರಶ್ನೆ "ಹೇಗೆ ಬಂತಂತೆ?" ಎಂಬುದು. ರೋಗವನ್ನು ಚಾರಿತ್ರ್ಯದ ಸರ್ಟಿಫಿಕೇಟಿನಂತೆ ಓದುವ ಈ ಚಾಳಿಯನ್ನೇ ನಾವು ಕಳಂಕ ಎನ್ನುತ್ತೇವೆ. ವೈರಾಣುವನ್ನು ಮಾತ್ರೆ ತಡೆಯುತ್ತದೆ. ಕಳಂಕ ಮಾತ್ರ ಮಗುವಿನ ಒಳಕ್ಕಿಳಿದು "ನಾನೇ ಕೊಳಕು" ಎಂಬ ನಂಬಿಕೆಯಾಗಿ ಕೂತುಬಿಡುತ್ತದೆ.

ಅದು ಒಳಕ್ಕಿಳಿಯುವ ದಾರಿ ಸಾಮಾನ್ಯವಾಗಿ ಊರಲ್ಲ, ಮನೆ. ಒಂದು ಮಾತ್ರೆ ಡಬ್ಬಿಯನ್ನೇ ನೋಡಿ. ಬಿಳಿ ಪ್ಲಾಸ್ಟಿಕ್ ಡಬ್ಬಿ, ಒಳಗೆ ಮೂವತ್ತು ಮಾತ್ರೆ, ತೇವ ಹೀರುವ ಒಂದು ಪುಟ್ಟ ಪೊಟ್ಟಣ. ಶಿವಮೊಗ್ಗದ ಎಆರ್‌ಟಿ ಕೇಂದ್ರದಿಂದ ಬರುವಾಗ ಬಸ್ಸು ಹತ್ತುವ ಮೊದಲೇ ಅದರ ಲೇಬಲ್ಲನ್ನು ಉಗುರಿನಿಂದ ಕಿತ್ತಾಗಿರುತ್ತದೆ. ಚೀಲದಲ್ಲಿ ಗಲಗಲ ಎನ್ನಬಾರದೆಂದು ಹತ್ತಿ ತುರುಕಿರುತ್ತಾರೆ. ಮನೆಗೆ ಬಂದಮೇಲೆ ಅದು ಅಕ್ಕಿ ಡಬ್ಬದೊಳಗೋ ಅಟ್ಟದ ಮೇಲೋ ಹೋಗುತ್ತದೆ. ನೆಂಟರು ಬಂದರೆ ಆ ದಿನದ ಮಾತ್ರೆ ಬಚ್ಚಲಮನೆಯಲ್ಲಿ. ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಚಪ್ಪರದಲ್ಲಿ ಹತ್ತು ಜನ ಮೆಟ್ಟುಗತ್ತಿ ಮುಂದೆ ಕೂತಿರುವಾಗ ಮಗುವನ್ನು ಕಣ್ಸನ್ನೆಯಲ್ಲೇ ಒಳಗೆ ಕರೆಯುತ್ತಾರೆ. ಇದನ್ನೆಲ್ಲ ಐದಾರು ವರ್ಷ ನೋಡಿದ ಮಗುವಿಗೆ ಯಾರೂ ಏನನ್ನೂ ಹೇಳಬೇಕಾಗಿಲ್ಲ. ತನ್ನಲ್ಲಿ ಮುಚ್ಚಿಡಬೇಕಾದ ಏನೋ ಇದೆ ಎಂದು ಅದು ತಾನೇ ಅರ್ಥ ಮಾಡಿಕೊಳ್ಳುತ್ತದೆ. ಅದು ಏನು ಎಂಬುದು ಮಾತ್ರ ತಿಳಿದಿರುವುದಿಲ್ಲ. (ಇನ್ನೊಂದು ಮಾತು. ನಮ್ಮ ಮಳೆಗಾಲದ ಥಂಡಿಗೆ ಮಾತ್ರೆ ಬೇಗ ತೇವ ಹಿಡಿಯುತ್ತದೆ. ಬೇರೆ ಡಬ್ಬಿಗೆ ಸುರಿಯುವುದು, ಆ ಪೊಟ್ಟಣವನ್ನು ಎಸೆಯುವುದು ಬೇಡ.)

ಕೇಳಿದರೆ ಸಿಗುವ ಉತ್ತರಗಳೂ ದಿನಕ್ಕೊಂದು. "ಟಾನಿಕ್ಕು", "ರಕ್ತ ಕಮ್ಮಿ ಇದೆ", "ಫಿಟ್ಸ್ ಬರಬಾರದು ಅಂತ". ಹತ್ತು ವರ್ಷದವರೆಗೆ ಇವು ಸಾಗುತ್ತವೆ. ಆಮೇಲೆ ಮಗು ಅರ್ಧ ಕಿತ್ತ ಲೇಬಲ್ಲಿನಲ್ಲಿ ಉಳಿದ ನಾಲ್ಕು ಅಕ್ಷರವನ್ನು ಮೊಬೈಲಿನಲ್ಲಿ ಹಾಕಿ ನೋಡುತ್ತದೆ. ಅಥವಾ ಆಸ್ಪತ್ರೆಯ ಗೋಡೆಯ ಮೇಲಿನ ಕೆಂಪು ರಿಬ್ಬನ್ನಿನ ಚಿತ್ರವನ್ನೂ ಶಾಲೆಯ ವಿಜ್ಞಾನ ಪಾಠವನ್ನೂ ಜೋಡಿಸುತ್ತದೆ. ಆ ಕ್ಷಣದಲ್ಲಿ ಅದಕ್ಕೆ ಎರಡು ಪೆಟ್ಟು. ಕಾಯಿಲೆ ಇದೆ ಎಂಬುದು ಒಂದು. ನಂಬಿದವರು ಇಷ್ಟು ವರ್ಷ ಸುಳ್ಳು ಹೇಳಿದರು ಎಂಬುದು ಇನ್ನೊಂದು. ಎರಡನೆಯದರ ನೋವೇ ಹೆಚ್ಚು ಕಾಲ ಉಳಿಯುತ್ತದೆ. ಮನೆಯವರು ಬಾಯಿ ಬಿಡುವುದಿಲ್ಲ ಎಂದು ಗೊತ್ತಿರುವುದರಿಂದ ಮಗುವೂ ಬಿಡುವುದಿಲ್ಲ. ಇಬ್ಬರಿಗೂ ಗೊತ್ತು, ಇಬ್ಬರೂ ಗೊತ್ತಿಲ್ಲದಂತೆ ನಟಿಸುತ್ತಾರೆ. ಅಡಿಕೆ ಮರದ ಬುಡದ ಮಾತ್ರೆಗಳ ಹಿಂದೆ ಅನೇಕ ಸಲ ಇರುವುದು ಈ ನಟನೆಯ ದಣಿವು.

ಇದರ ಜೊತೆಗೆ ತೀರದ ದುಃಖವೂ ಇರಬಹುದು. ಅಪ್ಪನೋ ಅಮ್ಮನೋ ಹೋದಾಗ "ಜ್ವರ ಬಂದು ಹೋದರು" ಎಂದಷ್ಟೇ ಹೇಳಿ ಮುಗಿಸಿದ ಮನೆಗಳಲ್ಲಿ ಮಗುವಿಗೆ ಅಳುವುದಕ್ಕೂ ಸರಿಯಾದ ಅವಕಾಶ ಸಿಕ್ಕಿರುವುದಿಲ್ಲ. ತನಗಿರುವುದೂ ಅದೇ ಕಾಯಿಲೆ ಎಂದು ತಿಳಿದ ದಿನ ಆ ದುಃಖ ಭಯವಾಗಿ ತಿರುಗುತ್ತದೆ.

ಹಾಗಾದರೆ ಹೇಳುವುದು ಯಾವಾಗ, ಹೇಗೆ? ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಕೊಟ್ಟ ಮಾರ್ಗಸೂಚಿ ಸ್ಪಷ್ಟವಾಗಿದೆ. ಶಾಲೆಗೆ ಹೋಗುವ ವಯಸ್ಸಿನ, ಅಂದರೆ 6ರಿಂದ 12 ವರ್ಷದೊಳಗಿನ ಮಕ್ಕಳಿಗೆ ಅವರ ಸ್ಥಿತಿಯನ್ನು ತಿಳಿಸಬೇಕು, ಬುದ್ಧಿ ಬೆಳೆದಂತೆ ಹಂತ ಹಂತವಾಗಿ ತಿಳಿಸಬೇಕು. ಒಂದೇ ದಿನ ಕೂರಿಸಿಕೊಂಡು ಎಲ್ಲವನ್ನೂ ಸುರಿದುಬಿಡುವ ಕೆಲಸ ಇದಲ್ಲ. ಆರೇಳು ವರ್ಷದ ಮಗುವಿಗೆ "ನಿನ್ನ ರಕ್ತದಲ್ಲಿ ಒಂದು ಸಣ್ಣ ಕ್ರಿಮಿ ಇದೆ, ದಿನಾ ಮಾತ್ರೆ ತಗೊಂಡ್ರೆ ಅದು ನಿದ್ದೆ ಮಾಡ್ತಾ ಇರುತ್ತೆ" ಎಂದರೆ ಸಾಕು. ಇದು ಸುಳ್ಳಲ್ಲ, ಮುಂದೆ ಹಿಂತೆಗೆದುಕೊಳ್ಳಬೇಕಾದ ಮಾತೂ ಅಲ್ಲ. ಒಂಬತ್ತು–ಹತ್ತರ ಹೊತ್ತಿಗೆ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಕಣಗಳಿವೆ, ಆಸ್ಪತ್ರೆಯಲ್ಲಿ ಎಲ್ಲರೂ 'ಕೌಂಟ್' ಎನ್ನುವ ಸಿಡಿ4 ಎಂದರೆ ಆ ಕಣಗಳ ಲೆಕ್ಕ ಎಂದು ವಿವರಿಸಬಹುದು. ಹನ್ನೊಂದು–ಹನ್ನೆರಡರೊಳಗೆ ಆ ಕ್ರಿಮಿಯ ಹೆಸರು ಹೇಳಬೇಕು. ಆ ಹೆಸರನ್ನು ಮಗು ಮೊದಲ ಸಲ ಕೇಳಬೇಕಾದ್ದು ನಿಮ್ಮ ಬಾಯಿಂದ, ಇಲ್ಲವೇ ನಿಮ್ಮ ಪಕ್ಕದಲ್ಲಿ ಕೂತ ಆಪ್ತ ಸಮಾಲೋಚಕರ ಬಾಯಿಂದ. ಜಗಳದ ನಡುವೆ, ಸಿಟ್ಟಿನಲ್ಲಿ, ಪರೀಕ್ಷೆಯ ಹಿಂದಿನ ದಿನ ಅದು ಹೊರಬರಬಾರದು.

ಹೆಸರು ಹೇಳಿದ ದಿನಕ್ಕಿಂತ ಮುಂದಿನ ಕೆಲವು ವಾರಗಳು ಮುಖ್ಯ. ಕೆಲವು ಮಕ್ಕಳು ಏನೂ ಆಗದಂತೆ ಆಟಕ್ಕೆ ಓಡುತ್ತಾರೆ. ಮಗುವಿಗೆ ಅರ್ಥವಾಗಲಿಲ್ಲ ಎಂದುಕೊಳ್ಳಬೇಡಿ. ಪ್ರಶ್ನೆಗಳು ನಿಧಾನವಾಗಿ, ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತವೆ. "ನಾನು ಸಾಯ್ತೀನಾ?" ಎಂಬುದಕ್ಕೆ "ಹಾಗೆಲ್ಲ ಮಾತಾಡಬಾರದು" ಎನ್ನುವುದು ಉತ್ತರವಲ್ಲ. "ಮಾತ್ರೆ ತಪ್ಪಿಸದೆ ತಗೊಂಡ್ರೆ ಎಲ್ಲರ ಹಾಗೆ ವಯಸ್ಸಾಗೋವರೆಗೂ ಬದುಕ್ತೀಯ" ಎನ್ನಿ. ವೈದ್ಯವಿಜ್ಞಾನ ಈಗ ಧೈರ್ಯವಾಗಿ ಹೇಳುವ ಮಾತು ಅದು. ಅತ್ಯಂತ ಕಷ್ಟದ ಪ್ರಶ್ನೆ ತಾಯಿಯ ಪಾಲಿಗೆ ಬರುತ್ತದೆ: "ನನಗೆ ಹೇಗೆ ಬಂತು? ನೀನು ಕೊಟ್ಟಿದ್ದಾ?" ಚಿಕಿತ್ಸೆ ಇಲ್ಲದಿದ್ದಾಗ ತಾಯಿಯಿಂದ ಮಗುವಿಗೆ ಬಸಿರು, ಹೆರಿಗೆ, ಹಾಲೂಡುವಿಕೆಯ ಮೂಲಕ ಸೋಂಕು ದಾಟುವ ಸಾಧ್ಯತೆ ನೂರಕ್ಕೆ 15ರಿಂದ 45, ಸರಿಯಾದ ಚಿಕಿತ್ಸೆ ಇದ್ದರೆ 5ಕ್ಕಿಂತ ಕಡಿಮೆ. ಎಷ್ಟೋ ತಾಯಂದಿರಿಗೆ ತಮಗೆ ಸೋಂಕಿದೆ ಎಂಬುದೇ ಆಗ ಗೊತ್ತಿರಲಿಲ್ಲ. "ನನ್ನ ಮೈಯಲ್ಲಿತ್ತು, ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ತಡೀತಿದ್ದೆ" ಎಂದು ಹೇಳಿದ ತಾಯಿಯನ್ನು ಮಕ್ಕಳು ದ್ವೇಷಿಸುವುದು ಅಪರೂಪ. ಸಿಟ್ಟು ಬಂದರೆ ಬರಲಿ. ಅದನ್ನು ತಡೆದುಕೊಳ್ಳುವ ಶಕ್ತಿ ನಿಮ್ಮಲ್ಲಿದೆ ಎಂದು ಕಂಡಾಗ ಅದು ತಾನಾಗಿ ಇಳಿಯುತ್ತದೆ.

"ಮಗುವಿಗೆ ಹೇಳಿದರೆ ಅದು ಊರಿಗೆಲ್ಲ ಹೇಳಿಬಿಡುತ್ತದೆ" ಎಂಬ ಅಂಜಿಕೆ ಸಹಜ. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದೇವೆ. ಮಗುವಿನಿಂದ ಮುಚ್ಚಿಡುವುದು ಬೇರೆ, ಊರಿಗೆ ಹೇಳದಿರುವುದು ಬೇರೆ. ಮೊದಲನೆಯದು ಮಗುವನ್ನು ಒಂಟಿಯಾಗಿಸುತ್ತದೆ. ಎರಡನೆಯದು ನಿಮ್ಮ ಹಕ್ಕು. "ಇದು ನಮ್ಮ ಮನೆಯ ವಿಷಯ, ಯಾರಿಗೆ ಹೇಳಬೇಕು ಅಂತ ನಾವು ಕೂತು ತೀರ್ಮಾನ ಮಾಡೋಣ" ಎಂದು ಹೇಳಿದರೆ ಹನ್ನೊಂದರ ಮಗು ಅದನ್ನು ಚೆನ್ನಾಗಿ ಪಾಲಿಸಬಲ್ಲದು. ಹಾಸ್ಟೆಲಿಗೆ ಹೋಗುವ ಮಕ್ಕಳಿಗೆ ಒಂದು ವಾಕ್ಯ ಮೊದಲೇ ಕಲಿಸಿರಬೇಕು: "ನನಗೊಂದು ದಿನದ ಮಾತ್ರೆ ಇದೆ, ಡಾಕ್ಟ್ರು ಹೇಳಿದಾರೆ." ಟ್ರಂಕಿನೊಳಗಿನ ಡಬ್ಬಿ ಕಂಡು ಗೆಳೆಯ ಕೇಳಿದಾಗ ತಡವರಿಸದೆ ಹೇಳಲು ಇಷ್ಟು ಸಾಕು. ಮೊರಾರ್ಜಿ ಶಾಲೆಗೋ ಹಾಸ್ಟೆಲಿಗೋ ಹೋದ ಮಕ್ಕಳು ಮೊದಲ ತಿಂಗಳಲ್ಲೇ ಮಾತ್ರೆ ಬಿಡುವುದಕ್ಕೆ ಒಂದು ಕಾರಣ, ಈ ಒಂದು ವಾಕ್ಯ ಅವರ ಬಳಿ ಇಲ್ಲದಿರುವುದು.

ಕಾನೂನೂ ನಿಮ್ಮ ಬೆನ್ನಿಗಿದೆ. ಎಚ್‌ಐವಿ ಮತ್ತು ಏಡ್ಸ್ ನಿಯಂತ್ರಣದ 2017ರ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿನ ಕಾರಣಕ್ಕೆ ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಕೆಲಸದಲ್ಲಿ, ಬಾಡಿಗೆ ಮನೆಯಲ್ಲಿ ಭೇದ ಮಾಡುವಂತಿಲ್ಲ. ಶಾಲೆಗೆ ಸೇರಿಸಲು ಪರೀಕ್ಷೆಯ ವರದಿ ಕೇಳುವಂತಿಲ್ಲ. ಒಪ್ಪಿಗೆಯಿಲ್ಲದೆ ಒಬ್ಬರ ಸ್ಥಿತಿಯನ್ನು ಬಯಲು ಮಾಡುವಂತಿಲ್ಲ. ಗಂಡ ತೀರಿಕೊಂಡ ಮೇಲೆ "ನೀನೇ ತಂದದ್ದು" ಎಂದು ಹೊರಗೆ ಕಳಿಸಲ್ಪಡುವ ಹೆಂಗಸರಿಗೆ, ಮಕ್ಕಳಿಗೆ ವಾಸದ ಮನೆಯಲ್ಲಿ ಉಳಿಯುವ ಹಕ್ಕನ್ನೂ ಅದು ಕೊಡುತ್ತದೆ. ಮೇಷ್ಟ್ರಿಗೆ ಹೇಳಲೇಬೇಕೆಂಬ ನಿಯಮ ಎಲ್ಲೂ ಇಲ್ಲ. ನಂಬಿಕೆಯ ಒಬ್ಬರಿಗೆ ಹೇಳಿದರೆ ಅನುಕೂಲ ಎನಿಸಿದರೆ ಹೇಳಿ, ಆದರೆ ಮಗುವನ್ನು ಕೇಳಿಯೇ ಹೇಳಿ.

ಮನಸ್ಸಿನ ಕಾಯಿಲೆಯ ವಿಚಾರಕ್ಕೆ ಬರೋಣ. ಹದಿಹರೆಯದವರ ಖಿನ್ನತೆ ದೊಡ್ಡವರ ಖಿನ್ನತೆಯ ಹಾಗೆ ಕಣ್ಣೀರಾಗಿಯೇ ಕಾಣಬೇಕೆಂದಿಲ್ಲ. ಸಿಡುಕು, ಊಟ–ನಿದ್ದೆಯಲ್ಲಿ ಏರುಪೇರು, ಇಷ್ಟದ ಕ್ರಿಕೆಟ್ಟೂ ಬೇಡವಾಗುವುದು, ಕಾರಣವಿಲ್ಲದ ಹೊಟ್ಟೆನೋವು, ಹೀಗೆ ಬರುತ್ತದೆ. ಇವು ಎರಡು ವಾರ ಬಿಡದೆ ಇದ್ದರೆ ವಯಸ್ಸಿನ ಚಾಳಿ ಎಂದು ಕೈಬಿಡಬೇಡಿ. "ನಾನಿಲ್ದಿದ್ರೆ ಎಲ್ರಿಗೂ ಆರಾಮ" ಎಂಬಂಥ ಮಾತು ಬಂದರೆ ನೇರವಾಗಿ ಕೇಳಿ: "ಸಾಯಬೇಕು ಅನ್ನಿಸ್ತಿದೆಯಾ?" ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇದ್ದ ಯೋಚನೆಗೆ ಹೊರಬರಲು ಬಾಗಿಲು ಸಿಗುತ್ತದೆ. ತೋಟದ ಮನೆಗಳಲ್ಲಿ ಇನ್ನೂ ಒಂದು ಕೆಲಸ ಆಗಬೇಕು. ಕೀಟನಾಶಕ, ಕಳೆನಾಶಕಗಳನ್ನು ಕೊಟ್ಟಿಗೆಯ ಗೂಡಿನಲ್ಲಿ ಬಿಡದೆ ಬೀಗ ಹಾಕಿಡಿ. ಆ ಹೊತ್ತಿನ ಸಂಕಟ ದಾಟುವವರೆಗೆ ಕೈಗೆ ಸಿಗದಿದ್ದರೆ ಎಷ್ಟೋ ಜೀವ ಉಳಿಯುತ್ತವೆ.

ಮನಸ್ಸಿನ ಕಾಯಿಲೆಯ ಚಿಕಿತ್ಸೆಗೆ ನಮ್ಮ ಸೀಮೆ ಹೊಸದಲ್ಲ. ನಿಮ್ಹಾನ್ಸ್‌ನ ವೈದ್ಯರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ವರ್ಷಗಟ್ಟಲೆ ಸ್ಕಿಜೋಫ್ರೇನಿಯಾ ಇರುವವರನ್ನು ಗುರುತಿಸಿ, ಊರಲ್ಲೇ ಚಿಕಿತ್ಸೆ ಸಿಗುವಂತೆ ಮಾಡಿದ್ದಾರೆ. ಶಿವಮೊಗ್ಗದ ಡಾ. ಅಶೋಕ್ ಪೈ ಮನೋರೋಗದ ಬಗ್ಗೆ ಕನ್ನಡದಲ್ಲೇ ಬರೆದು, ಮಾತಾಡಿ ಒಂದು ತಲೆಮಾರಿನ ಅಂಜಿಕೆ ಕಳೆದರು. ಈಗ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿಕೊಂಡು ಹೋಗಿ. ಹೊರಡಲಾಗದ ದಿನಕ್ಕೆ ಟೆಲಿ ಮನಸ್ ಇದೆ: 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಎಚ್‌ಐವಿ ಕುರಿತ ಪ್ರಶ್ನೆಗಳಿಗೆ 1097. ಮನೋವೈದ್ಯರ ಬಳಿ ಹೋದಾಗ ಎಆರ್‌ಟಿ ನಡೆಯುತ್ತಿರುವುದನ್ನು ಮುಚ್ಚಿಡಬೇಡಿ. ಕೆಲವು ಔಷಧಗಳು ಒಂದಕ್ಕೊಂದು ಹೊಂದುವುದಿಲ್ಲ. ನಾಟಿ ಮದ್ದಿಗೂ ಇದೇ ಮಾತು, ಅದನ್ನು ನಂಬಿ ಎಆರ್‌ಟಿ ನಿಲ್ಲಿಸುವುದಂತೂ ಸಲ್ಲದು.

ತಾಯಿಯ ಮನಸ್ಸಿನ ಬಗ್ಗೆ ಯಾರೂ ಕೇಳುವುದಿಲ್ಲ. ಸ್ವತಃ ಸೋಂಕಿರುವ, ಗಂಡನಿಲ್ಲದ, ಕೂಲಿಗೆ ಹೋಗಿ ಬಂದು ರಾತ್ರಿ ಎಂಟಕ್ಕೆ ಮಗುವಿಗೆ ಮಾತ್ರೆ ಕೊಡುವ ಹೆಂಗಸು ತನ್ನ ಮಾತ್ರೆಯನ್ನು ಮರೆಯುವುದನ್ನು ನಾವು ಪದೇ ಪದೇ ಕಾಣುತ್ತೇವೆ. ಅದು ಮರೆವಲ್ಲದೆ ಖಿನ್ನತೆಯೂ ಆಗಿರಬಹುದು. ಅಮ್ಮ ತನ್ನ ಮಾತ್ರೆಯನ್ನು ಮಗುವಿನೆದುರೇ ನುಂಗುವ ಮನೆಗಳಲ್ಲಿ ಮಾತ್ರೆಯ ಜಗಳ ಕಡಿಮೆ. ಸಲಹೆಗೆ ಹೋದಾಗ ಮಗುವಿನ ಬಗ್ಗೆ ಹತ್ತು ಮಾತಾಡಿದರೆ ನಿಮ್ಮ ಬಗ್ಗೆ ಎರಡಾದರೂ ಆಡಿ.

ಹದಿನಾರು ದಾಟಿದವರಿಗೆ ಇನ್ನೊಂದು ಚಿಂತೆ ಶುರುವಾಗುತ್ತದೆ, ಅವರು ಅದನ್ನು ನಿಮ್ಮ ಮುಂದೆ ಹೇಳುವುದಿಲ್ಲ. ನನ್ನನ್ನು ಯಾರು ಮದುವೆಯಾಗುತ್ತಾರೆ ಎಂಬುದು ಆ ಚಿಂತೆ. ಇಲ್ಲಿ ಒಳ್ಳೆಯ ಸುದ್ದಿ ಇದೆ, ಅದನ್ನು ಅವರಿಗೆ ತಲುಪಿಸಬೇಕು. ರಕ್ತದಲ್ಲಿರುವ ವೈರಾಣುವಿನ ಪ್ರಮಾಣಕ್ಕೆ ವೈರಲ್ ಲೋಡ್ ಎನ್ನುತ್ತಾರೆ. ಮಾತ್ರೆ ತಪ್ಪದೆ ತೆಗೆದುಕೊಂಡು ಅದು ಪರೀಕ್ಷೆಗೆ ಸಿಗದಷ್ಟು ಇಳಿದು, ಹಾಗೆಯೇ ಉಳಿದರೆ ದೈಹಿಕ ಸಂಬಂಧದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ನಿಸ್ಸಂದಿಗ್ಧವಾಗಿ ಹೇಳಿದೆ. ಮದುವೆಗೆ ಮುಂಚೆ ಸಂಗಾತಿಗೆ ನಿಜ ತಿಳಿಸಬೇಕು. ವೈದ್ಯರ ಸಲಹೆಯೊಂದಿಗೆ ಸೋಂಕಿಲ್ಲದ ಮಗುವನ್ನೂ ಪಡೆಯಬಹುದು. "ನಿನಗೆ ಮದುವೆ ಎಲ್ಲಿಂದ ಬಂತು" ಎಂದು ಬಾಯಿ ತಪ್ಪಿ ಬಂದ ಮಾತು ಈ ವಯಸ್ಸಿನಲ್ಲಿ ಮಾತ್ರೆ ಬಿಡಲು ಸಾಕಾದ ಕಾರಣವಾಗುತ್ತದೆ.

ಹಾಗಾಗಿ ಮುಂದಿನ ಭೇಟಿಗೆ ಹೊರಡುವಾಗ ಕೆಲವು ಕೆಲಸ ಮಾಡಿ. ಇತ್ತೀಚಿನ ವೈರಲ್ ಲೋಡ್ ಎಷ್ಟು ಎಂದು ಮಗುವಿನ ಎದುರೇ ಕೇಳಿ, ಅದನ್ನು ಮಗುವಿಗೇ ವಿವರಿಸಲು ಹೇಳಿ. ಹದಿಮೂರು–ಹದಿನಾಲ್ಕು ಆಗಿದ್ದರೆ ನೀವು ಹತ್ತು ನಿಮಿಷ ಹೊರಗೆ ಕೂತು ಮಗು ಸಮಾಲೋಚಕರ ಜೊತೆ ತಾನೊಂದೇ ಮಾತಾಡಲು ಬಿಡಿ. ಏನು ಮಾತಾಡಿದೆ ಎಂದು ಬಸ್ಸಿನಲ್ಲಿ ಪಟ್ಟು ಹಿಡಿಯಬೇಡಿ. ಶಿವಮೊಗ್ಗಕ್ಕೆ ಅರವತ್ತು ಎಪ್ಪತ್ತು ಕಿಲೋಮೀಟರ್ ಹೋಗಿಬರಲು ಕೂಲಿಯೂ ಶಾಲೆಯೂ ತಪ್ಪುತ್ತಿದ್ದರೆ, ಆರೋಗ್ಯ ಸ್ಥಿರವಾಗಿರುವವರಿಗೆ ಹತ್ತಿರದ ಲಿಂಕ್ ಎಆರ್‌ಟಿ ಕೇಂದ್ರದಲ್ಲೇ ಮಾತ್ರೆ ಪಡೆಯುವ ಅವಕಾಶದ ಬಗ್ಗೆ ಕೇಳಿ. ನಗರ, ನಿಟ್ಟೂರು, ಆಗುಂಬೆ ಕಡೆಯವರು ಮೇ ತಿಂಗಳಲ್ಲೇ ಎರಡು ಮೂರು ತಿಂಗಳ ಮಾತ್ರೆ ಒಟ್ಟಿಗೆ ಸಿಗುತ್ತದೆಯೇ ಎಂದು ವಿಚಾರಿಸಿ. ಜೂನ್ ಕಳೆದ ಮೇಲೆ ಮರ ಬಿದ್ದು ಬಸ್ಸು ನಿಂತ ದಿನ ಮಾತ್ರೆ ಮುಗಿದಿರಬಾರದು.